ಮನೆ ತಗೊಳ್ಳೋದು ಆಮೇಲೆ, ಅಲ್ಲಿ ಇರೋರು ಯಾರು ಹೇಳಿ

ಓದುಗರೊಬ್ರು ಬರ್ದಿರೋ ಪತ್ರದ ಸಾರ ಇಷ್ಟು: ಯೂನಿವರ್ಸಿಟಿ ಗೇಟಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಒಂದು ಮನೆ ಮಾರಾಟಕ್ಕಿದೆ, ಸಭೆಯೋರು, ಅಂದ್ರೆ ಅವ್ರ ಚರ್ಚಿನೋರು, ಅದನ್ನ ತಗೊಂಡು ಕ್ರೈಸ್ತ ವಿದ್ಯಾರ್ಥಿ ಕೇಂದ್ರ ಮಾಡೋಣ ಅಂತಿದಾರೆ, ಹಿರಿಯರಲ್ಲಿ ಕೆಲವ್ರಿಗೆ "ಹುಡುಗ್ರು ಬರ್ದೇ ಇದ್ರೆ?" ಅನ್ನೋ ಭಯ, ಜೊತೆಗೆ ಬೋರ್ಡಲ್ಲಿ ಕ್ರಿಶ್ಚಿಯನ್ ಅಂತ ಹಾಕ್ಬೇಕಾ ಬೇಡ್ವಾ ಅನ್ನೋ ಜಗಳ ಬೇರೆ.

ಮೊದಲ ವರ್ಷ ಬರ್ತಾರೆ ಬಿಡಿ. ಹೊಸ ಜಾಗ, ಫ್ರೀ ವೈಫೈ, ಬಿಸಿ ಟೀ, ಯಾರಿಗ್ ಬೇಡ? ನನ್ನ ಚಿಂತೆ ನಾಲ್ಕನೇ ವರ್ಷದ್ದು. ಸಭೆಗೆ ಒಂದು ಕುಟುಂಬ ಸೇರಿದ್ರೆ ಮಕ್ಕಳ ಮದುವೆ ಆಗೋವರ್ಗೂ ಅಲ್ಲೇ ಇರತ್ತೆ, ಕ್ಯಾಂಪಸ್ ಹತ್ರ ಹಾಗಲ್ಲ, ಗಿಟಾರ್ ನುಡಿಸೋನು, ಕೀ ಇಟ್ಕೊಂಡಿರೋಳು, ಲೆಕ್ಕ ಬರಿಯೋನು ಎಲ್ರೂ ಒಂದೇ ಬ್ಯಾಚ್ ಆಗಿದ್ರೆ ಕಾನ್ವೊಕೇಶನ್ ಮುಗಿದ ಮಾರನೇ ದಿನ ಉಳಿಯೋದು ಕುರ್ಚಿ ಮಾತ್ರ.

ಹಿಂದಿನೋರು ಇದನ್ನ ಎರಡು ಥರ ಮಾಡಿದಾರೆ. ಕೇಂಬ್ರಿಡ್ಜಲ್ಲಿ 1877ರಲ್ಲಿ ಶುರುವಾದ ಕ್ರೈಸ್ತ ವಿದ್ಯಾರ್ಥಿಗಳ ಯೂನಿಯನ್ನನ್ನ ಇವತ್ತಿಗೂ ವಿದ್ಯಾರ್ಥಿಗಳೇ ನಡೆಸ್ತಾರೆ. 1893ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಯೂನಿವರ್ಸಿಟೀಲಿ ಕ್ಯಾಥೊಲಿಕ್ ಹುಡುಗ್ರು ಇಂಗ್ಲೆಂಡಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ನ್ಯೂಮನ್ ಹೆಸರಲ್ಲಿ ಮಾಡ್ಕೊಂಡಿದ್ದೂ ಒಂದು ಕ್ಲಬ್ಬೇ, ಈಗ ಎಷ್ಟೋ ಕ್ಯಾಂಪಸ್ ಪಕ್ಕ ಕಾಣೋ ನ್ಯೂಮನ್ ಸೆಂಟರ್ ಅನ್ನೋ ಕ್ಯಾಥೊಲಿಕ್ ವಿದ್ಯಾರ್ಥಿ ಕೇಂದ್ರಗಳ ಬೇರು ಅಲ್ಲಿದೆ. ಇದಕ್ಕೆ ಉಲ್ಟಾ ದಾರಿ ಅಮೆರಿಕದ್ದೇ ಇಲಿನಾಯ್ ಯೂನಿವರ್ಸಿಟಿ ಹತ್ರ 1913ರಲ್ಲಿ ಶುರುವಾದ ವೆಸ್ಲಿ ಫೌಂಡೇಶನ್ ಅನ್ನೋ ವಿದ್ಯಾರ್ಥಿ ಕೇಂದ್ರದ್ದು, ಅಲ್ಲಿ ಮೆಥಡಿಸ್ಟ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದ ಪಾಸ್ಟರ್ ಜೇಮ್ಸ್ ಬೇಕರ್ ಮುಂದೆ ನಿಂತು ಮಾಡಿದ್ದು, ಅಂದ್ರೆ ಜವಾಬ್ದಾರಿ ಹೊತ್ತಿದ್ದು ಸಭೆ. ನಂಗೆ ಇವೆರಡರ ಮಿಕ್ಸ್ ಸರಿ ಅನ್ಸತ್ತೆ: ಕಾರ್ಯಕ್ರಮ ಪೂರ್ತಿ ವಿದ್ಯಾರ್ಥಿಗಳ ಕೈಲಿ, ಆದ್ರೆ ಬ್ಯಾಚ್ ಬದಲಾದ್ರೂ ಅಲ್ಲೇ ಇರೋ ಒಬ್ರು ದೊಡ್ಡೋರು ಬೇಕೇ ಬೇಕು.

ಹಾಗಾಗಿ ಕಾಣಿಕೆ ದುಡ್ಡನ್ನ ಗೋಡೆಗೆ ಹಾಕೋ ಮುಂಚೆ ಆ ಮನುಷ್ಯರ ಸಂಬಳಕ್ಕೆ ತೆಗೆದಿಡಿ. ಬೈಬಲ್ ಕಾಲೇಜ್ ಡಿಗ್ರಿ ಇದ್ರೆ ಒಳ್ಳೇದೇ, ಆದ್ರೆ ನಾನಾಗಿದ್ರೆ ಬೇರೆ ನೋಡ್ತೀನಿ, ಐದಾರು ವರ್ಷ ಊರು ಬಿಡಲ್ಲ ಅಂತಾರಾ, ಫಿಸಿಕ್ಸ್ ಓದೋ ಹುಡುಗಿ ಸೃಷ್ಟಿ ಬಗ್ಗೆ ಪ್ರಶ್ನೆ ಕೇಳಿದ್ರೆ ಗದರ್ದೇ ಕೂತು ಮಾತಾಡ್ತಾರಾ, ಮನೆ ನೆನಪಾಗಿ ಅಳೋ ಹುಡುಗನ ಹತ್ರ ಬೈಬಲ್ ವಚನ ಹೇಳೋ ಮುಂಚೆ ಊಟ ಆಯ್ತಾ ಅಂತ ಕೇಳ್ತಾರಾ. ಭಾಷಣ ಚೆನ್ನಾಗ್ ಮಾಡ್ತಾರೆ ಅಂತ ಮಾತ್ರ ಯಾರನ್ನೂ ತಗೋಬೇಡಿ, ಲೆಕ್ಚರ್ ಕೇಳಿ ಕೇಳಿ ಸುಸ್ತಾಗೇ ಅವ್ರು ನಿಮ್ಮನೇಗೆ ಬರೋದು!

ಬೋರ್ಡಲ್ಲಿ ಕ್ರಿಶ್ಚಿಯನ್ ಅಂತ ಹಾಕಿ, ದೊಡ್ಡದಾಗೇ ಹಾಕಿ. ಸ್ಟಡಿ ಸೆಂಟರ್ ಅಂತ ಕರೆದು ಒಳಗೆ ಪ್ರಾರ್ಥನೆ ಕೂಟ ಇಟ್ರೆ ಬಂದೋರಿಗೆ ಮೋಸ ಹೋದ ಹಾಗಾಗತ್ತೆ, ಯೂನಿವರ್ಸಿಟಿಯೋರಿಗೂ ಅನುಮಾನ ಬರತ್ತೆ. ಬೇರೆ ಧರ್ಮದ ಮಕ್ಕಳು ಓದೋಕೆ ಬಂದ್ರೆ ಬರ್ಲಿ, ಪ್ರಾರ್ಥನೆಗೆ ಕೂತ್ರೇನೇ ಟೇಬಲ್ ಅನ್ನೋ ಥರ ಮಾತ್ರ ಆಗ್ಬಾರ್ದು. ಕ್ಯಾಂಪಸ್ ಒಳಗೆ ಪೋಸ್ಟರ್ ಹಚ್ಚೋಕೆ, ಮೀಟಿಂಗ್ ಮಾಡೋಕೆ ಅಲ್ಲಿನ ರೂಲ್ಸ್ ಏನಿದ್ಯೋ ಮೊದ್ಲೇ ಕೇಳ್ಕೊಳ್ಳಿ.

ಪತ್ರದಲ್ಲಿ ಇಲ್ಲದ ಎರಡು ಮಾತು. ಒಂದು, ಕೌನ್ಸೆಲಿಂಗ್ ಅಂತ ಯಾರೂ ಬಾಗಿಲು ಹಾಕ್ಕೊಂಡು ಒಬ್ರನ್ನೇ ಕೂರಿಸ್ಕೊಳ್ಳೋದು ಬೇಡ, ಮತ್ತೆ ದೂರು ಇದ್ರೆ ಹೇಳೋಕೆ ಕೇಂದ್ರದ ಹೊರಗಿನ ಒಬ್ರ ನಂಬರ್ ಗೋಡೆ ಮೇಲಿರ್ಲಿ. ಎರಡು, ಭಾನುವಾರ ಬೆಳಿಗ್ಗೆ ಕೇಂದ್ರ ಮುಚ್ಚಿ. ಬರೋ ಮಕ್ಕಳಲ್ಲಿ ಕ್ಯಾಥೊಲಿಕ್ ಇರ್ತಾರೆ, ಪೆಂಟೆಕೋಸ್ಟಲ್ ಇರ್ತಾರೆ, ಆರ್ಥೊಡಾಕ್ಸ್ ಇರ್ತಾರೆ, ಅವ್ರವ್ರ ಚರ್ಚಿಗೆ ಅವ್ರು ಹೋಗ್ಲಿ, ನಿಮ್ಮ ಸಭೆಗೆ ಜನ ಸೇರಿಸೋಕೆ ಇದನ್ನ ಮಾಡಿದ್ರಿ ಅಂತ ಬೇರೆ ಪಾಸ್ಟರ್‌ಗಳಿಗೆ ಅನ್ಸಿದ್ರೆ ಅವರ ಮಕ್ಕಳನ್ನ ಅವರೇ ಕಳ್ಸಲ್ಲ.

ಆ ಮನೆ ಓನರ್‌ನ ಕೇಳಿ ನೋಡಿ, ಒಂದು ಅಕಾಡೆಮಿಕ್ ವರ್ಷಕ್ಕೆ ಬಾಡಿಗೆಗೆ ಕೊಡ್ತಾರಾ ಅಂತ. ಕೊಡಲ್ಲ ಅಂದ್ರೆ ಅದನ್ನ ಬಿಟ್ಟು ಬೇರೆ ಮನೆ ಹುಡುಕಿ.