ಅಜ್ಜಿನ ಯಾರು ಎತ್ಕೋತಾರೆ?

ಸಿರುಗುಪ್ಪ ತಾಲ್ಲೂಕಿನ, ತುಂಗಭದ್ರಾ ಹೊಳೆದಂಡೆಯ ಊರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಒಂಬತ್ತು ವರ್ಷದ ಮಗನನ್ನು ಅಪ್ಪ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. ಹುಡುಗನಿಗೆ ರಾತ್ರಿ ನಿದ್ದೆ ಇಲ್ಲ. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಶಾಲೆಯಿಂದ ಬಂದರೆ ಅಜ್ಜಿಯ ಸೆರಗು ಬಿಡುವುದಿಲ್ಲ.

"ಮನಿಗೆ ನೀರೇ ಬಂದಿಲ್ಲರಿ ಮೇಡಂ, ಸುಮ್ನೆ ಹೆದರ್ತಾನ" ಅಂದರು ಅಪ್ಪ.

ನೀರು ಬಂದಿರಲಿಲ್ಲ, ನಿಜ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದರು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಉಕ್ಕಿನ ಅಡ್ಡಹಲಗೆ, ಕೂರಿಸಿ ನೀರು ತಡೆದರು. ಆದರೆ ಆ ವಾರ ಈ ಮನೆಯ ವಾಟ್ಸಾಪಿನಲ್ಲಿ ಡ್ಯಾಂ ದಿನಕ್ಕೆರಡು ಸಲ ಒಡೆಯುತ್ತಿತ್ತು! ಅದರ ಜೊತೆಗೆ ಅಜ್ಜಿಯ ಮಾತು. 2009ರ ನೆರೆಯಲ್ಲಿ ಅವರ ಮಣ್ಣಿನ ಮನೆ ಬಿದ್ದಿತ್ತು. ದೊಡ್ಡವರು ಅದನ್ನೇ ಮಾತಾಡುವರು, ಹುಡುಗ ಬಂದ ಕೂಡಲೇ ಬಾಯಿ ಮುಚ್ಚುವರು. ಅರ್ಧ ಕೇಳಿದ್ದನ್ನು ಮಕ್ಕಳು ತಾವೇ ತುಂಬಿಕೊಳ್ಳುತ್ತಾರೆ, ಅಲ್ವಾ?

ನೆರೆಯ ಬಗ್ಗೆ ಹೇಳು ಅಂತ ನಾನು ಒತ್ತಾಯಿಸಲಿಲ್ಲ. ಹಾಗೆ ಕೆದಕಿದರೆ ಭಯ ಜಾಸ್ತಿಯಾಗಬಹುದು. ಹಾಳೆ, ಬಣ್ಣ ಕೊಟ್ಟು ಸುಮ್ಮನಿದ್ದೆ. ಅವನು ಟ್ರ್ಯಾಕ್ಟರ್ ಬರೆದ. ಅದರಲ್ಲಿ ಅಪ್ಪ, ಅವ್ವ, ತಂಗಿ, ಎಮ್ಮೆ ಕೂಡ ಇತ್ತು. ಅಜ್ಜಿ ಮಾತ್ರ ಕೆಳಗೆ. ಬರೆಯುತ್ತಲೇ ಕೇಳಿದ: "ಅಜ್ಜಿಗೆ ಮೊಣಕಾಲು ನೋವು. ರಾತ್ರಿ ನೀರು ಬಂದ್ರ ಅಜ್ಜಿನ ಯಾರು ಎತ್ಕೋತಾರೆ?"

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಈ ಹುಡುಗನಿಗೆ ಧೈರ್ಯ ಕಮ್ಮಿ ಅಂತ ನನಗೆ ಅನ್ನಿಸಲಿಲ್ಲ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು.

ಹಾಗಾಗಿ "ಹೆದರಬೇಡ" ಅನ್ನುವುದನ್ನು ಬಿಡಿ, ಏನು ಮಾಡುತ್ತೇವೆ ಅಂತ ಹೇಳಿ ಅಂದೆ. ಅಜ್ಜಿಯನ್ನು ಅಪ್ಪ ಎತ್ತಿಕೊಳ್ಳುವುದು, ಟ್ರ್ಯಾಕ್ಟರ್ ಎತ್ತರದ ಶಾಲೆಯ ಕಡೆ ಹೋಗುವುದು, ರೇಷನ್ ಕಾರ್ಡು, ಮಾತ್ರೆ, ಟಾರ್ಚು ಇರುವ ಚೀಲ ಹುಡುಗನ ಜವಾಬ್ದಾರಿ. ಮನೆಮಂದಿ ಎಲ್ಲ ಸೇರಿ ಹಗಲು ಹೊತ್ತಿನಲ್ಲಿ ಒಮ್ಮೆ ಇದನ್ನು ಮಾಡಿ ನೋಡಬೇಕು. ಗೇಟು ಹೋಗುವುದು ಬೇರೆ, ಡ್ಯಾಮಿನ ಗೋಡೆ ಒಡೆಯುವುದು ಬೇರೆ ಅಂತಲೂ ಅವನಿಗೆ ತಿಳಿಸಿ ಎಂದೆ. ಗೇಟು ಹೋದರೆ ಅದರ ಬುಡದ ಮಟ್ಟಕ್ಕಿಂತ ಮೇಲಿನ ನೀರಷ್ಟೇ ಹರಿಯುತ್ತದೆ. ಡ್ಯಾಮಿಗೆ ಒಟ್ಟು 33 ಗೇಟು ಅನ್ನುವ ಲೆಕ್ಕ ಅವನಿಗೆ ಆಗಲೇ ಗೊತ್ತಿತ್ತು. ಮಲಗುವ ಹೊತ್ತಿಗೆ ಮೊಬೈಲ್ ವಿಡಿಯೊ ಬೇಡ. ಹಾಸಿಗೆ ಒದ್ದೆಯಾದರೆ ಬೈಯಬಾರದು, ತಂಗಿಯ ಮುಂದೆ ಆಡಿಕೊಳ್ಳಲೂಬಾರದು.

ಅಜ್ಜಿಯನ್ನೂ ಕರೆಸಿದೆ. ಬಿದ್ದ ಮನೆಯ ಬಗ್ಗೆ ತುಂಬ ಹೊತ್ತು ಮಾತಾಡಿದರು. ಇಷ್ಟು ವರ್ಷ ಪರಿಹಾರದ ಅರ್ಜಿಗೆ ಬಿಟ್ಟರೆ ಯಾರೂ ಅವರನ್ನು ಅದರ ಬಗ್ಗೆ ಕೇಳಿರಲಿಲ್ಲವಂತೆ.

ಹುಡುಗನ ನಿದ್ದೆ ನಿಧಾನಕ್ಕೆ ಸುಧಾರಿಸಿತು. ಜೋರು ಮಳೆಯ ರಾತ್ರಿ ಈಗಲೂ ಎದ್ದು ಕೂರುತ್ತಾನೆ. ಅದಕ್ಕೆ ಗಾಬರಿ ಬೇಡ ಅಂದಿದ್ದೇನೆ. ಇಂಥ ಭಯ ಒಂದು ತಿಂಗಳು ದಾಟಿಯೂ ಇಳಿಯದೆ, ಊಟ, ನಿದ್ದೆ, ಶಾಲೆ ಕೆಟ್ಟರೆ ಮಾತ್ರ ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.