ಮೊಬೈಲ್ ಬಂದ ಮೇಲೆ ಶಾಲೆಯ ಓದು ನಿಜಕ್ಕೂ ಬದಲಾಗಿದೆಯಾ?

ಬದಲಾಗಿದೆ. ಆದರೆ ಜಾಹೀರಾತಿನಲ್ಲಿ ತೋರಿಸುವಷ್ಟಲ್ಲ.

ನಮ್ಮ ಸರ್ಕಾರಿ ಪಠ್ಯಪುಸ್ತಕ ಮನೆಯಲ್ಲಿದ್ದರೆ ತೆಗೆದು ನೋಡಿ. ಕಪ್ಪುಬಿಳುಪಿನ ಒಂದು ಚೌಕ ಕಾಣುತ್ತದೆ, ಅದೇ ಕ್ಯೂಆರ್ ಕೋಡ್. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ದೀಕ್ಷಾ’ದ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಪ್ರಶ್ನೆಗಳು ಸಿಗುತ್ತವೆ. ಪುಸ್ತಕದಲ್ಲಿ ಹೃದಯದ ಚಿತ್ರ ಸುಮ್ನೆ ಕೂತಿರುತ್ತದೆ. ವಿಡಿಯೊದಲ್ಲಾದರೆ ಕವಾಟ ತೆರೆದು ಮುಚ್ಚುವುದನ್ನು ತೋರಿಸಬಹುದು. ಅರ್ಥವಾಗದಿದ್ದರೆ ಹಿಂದಕ್ಕೆ ಎಳೆದು ಹತ್ತು ಸಲ ನೋಡಬಹುದು. ಮೇಷ್ಟ್ರನ್ನು ಹತ್ತು ಸಲ ಕೇಳೋಕಾಗುತ್ತಾ? (ನಮ್ಮ ಕಾಲದಲ್ಲಿ ಎರಡನೇ ಸಲಕ್ಕೇ ಬೆತ್ತ ಬರುತ್ತಿತ್ತು.)

ತೊಡಕಿರುವುದು ಬೇರೆ ಕಡೆ. ಕೊರೊನಾ ಸಮಯದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದು ನೆನಪಿದೆ ಅಲ್ವಾ? 2020ರಲ್ಲಿ ಸರ್ಕಾರವೇ ‘ವಿದ್ಯಾಗಮ’ ಅಂತ ಮೇಷ್ಟ್ರನ್ನು ಮಕ್ಕಳಿದ್ದಲ್ಲಿಗೆ ಕಳಿಸಬೇಕಾಯಿತು. ಚಂದನ ಟಿವಿಯಲ್ಲೂ ಪಾಠ ಬಂತು.

ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಕೆಲಸದಿಂದ ಬಂದ ಮೇಲೆ ಅಣ್ಣನದು, ಆಮೇಲೆ ತಂಗಿಯ ಸರದಿ. ಅಷ್ಟು ಹೊತ್ತಿಗೆ ಡೇಟಾ ಖಾಲಿ. ನಿಮ್ಮ ಮನೆಯಲ್ಲೂ ಹೀಗಿದ್ದರೆ, ನೆಟ್ ಚೆನ್ನಾಗಿರುವ ಕಡೆ ಆ್ಯಪ್‌ನಲ್ಲೇ ಪಾಠ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು.