ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಸಿಲ್ಲದೆ ಆನ್‌ಲೈನ್‌ನಲ್ಲಿ ಕಲಿಯಲು

ಪ್ರಶ್ನೆ: ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಎನ್‌ಪಿಟಿಇಎಲ್‌ನ (ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ) 12 ವಾರದ ಕೋರ್ಸಿಗೆ ಸೇರಿ ವಿಡಿಯೊಗಳನ್ನೆಲ್ಲ ನೋಡಿದೆ, ಅಸೈನ್‌ಮೆಂಟ್‌ಗಳನ್ನೂ ಮಾಡಿದೆ. ಸರ್ಟಿಫಿಕೇಟ್ ಮಾತ್ರ ಬರಲಿಲ್ಲ. ಉಚಿತ ಕೋರ್ಸ್ ಅಲ್ಲವೇ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಕೋರ್ಸ್ ಉಚಿತ, ಪರೀಕ್ಷೆ ಉಚಿತವಲ್ಲ. ಕೋರ್ಸಿಗೆ ಸೇರುವುದು ಒಂದು ಕೆಲಸ, ಪರೀಕ್ಷೆಗೆ ನೋಂದಾಯಿಸುವುದು ಬೇರೆಯದೇ ಕೆಲಸ. ಪಾಠ ನಡೆಯುತ್ತಿರುವಾಗಲೇ ಪರೀಕ್ಷೆಯ ಅರ್ಜಿಯ ಲಿಂಕ್ ಇಮೇಲ್‌ಗೆ ಬರುತ್ತದೆ. ಅದನ್ನು ತುಂಬಿ ಶುಲ್ಕ ಕಟ್ಟದಿದ್ದರೆ ವಿಡಿಯೊ ನೋಡಿದ್ದಷ್ಟೇ ಲಾಭ. ಬಹಳ ಮಂದಿ ಎಡವುವುದು ಇಲ್ಲೇ. ಕೋರ್ಸಿಗೆ ಸೇರಿದ ಇಮೇಲ್ ಐಡಿಯಿಂದಲೇ ಅರ್ಜಿ ಹಾಕಬೇಕು. ಅಲ್ಲಿ ಕಾಲೇಜಿನದು, ಇಲ್ಲಿ ಸ್ವಂತದ್ದು ಎಂದು ಬೇರೆ ಬೇರೆ ಕೊಟ್ಟರೆ ನಿಮ್ಮ ಅಸೈನ್‌ಮೆಂಟ್ ಅಂಕಗಳು ಪರೀಕ್ಷೆಯ ಅಂಕಕ್ಕೆ ಸೇರುವುದಿಲ್ಲ. ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಇರಲಿ. ಪರೀಕ್ಷೆಗೆ ನೀವು ಆರಿಸಿದ ಊರಿನ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು, ಮನೆಯಿಂದ ಬರೆಯುವಂತಿಲ್ಲ.

ಅಂಕದ ಲೆಕ್ಕ ಹೀಗಿದೆ: ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್‌ಗಳ ಸರಾಸರಿ ತೆಗೆದುಕೊಳ್ಳುತ್ತಾರೆ. 8 ವಾರದ್ದಕ್ಕೆ 6, 4 ವಾರದ್ದಕ್ಕೆ 3. ಒಟ್ಟು 40 ದಾಟಿದರೆ ಸಾಲದು. ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30 ಪ್ರತ್ಯೇಕವಾಗಿ ಬರಲೇಬೇಕು. ಅಸೈನ್‌ಮೆಂಟ್‌ನಲ್ಲಿ 24 ಬಂದು ಪರೀಕ್ಷೆಯಲ್ಲಿ 28 ಬಂದವರಿಗೆ ಒಟ್ಟು 52 ಇದ್ದರೂ ಸರ್ಟಿಫಿಕೇಟ್ ಇಲ್ಲ. ಗಡುವು ಮುಗಿಯುವವರೆಗೆ ಒಂದೇ ಅಸೈನ್‌ಮೆಂಟನ್ನು ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯದೇ ಲೆಕ್ಕಕ್ಕೆ ಬರುವುದು. ಉತ್ತರಗಳನ್ನು ಗುರುತು ಮಾಡಿ ಸಬ್‌ಮಿಟ್ ಒತ್ತದೆ ಎದ್ದು ಹೋದರೆ ಸೊನ್ನೆ. ಹಾಗಾಗಿ ಮೊದಲ ದಿನವೇ ಒಂದು ಸಲ ಸಲ್ಲಿಸಿಬಿಡಿ, ಆಮೇಲೆ ತಿದ್ದಿ ಮತ್ತೆ ಸಲ್ಲಿಸಿ.

ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಬೇಕಿದ್ದರೆ, ಆ ಕೋರ್ಸನ್ನು ನಿಮ್ಮ ಕಾಲೇಜು ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ, ಬರಹದಲ್ಲಿ ಪಡೆಯಿರಿ. ಸಾಮಾನ್ಯವಾಗಿ 12 ವಾರಕ್ಕೆ 3, 8 ವಾರಕ್ಕೆ 2, 4 ವಾರಕ್ಕೆ 1 ಕ್ರೆಡಿಟ್. ಪಾಸಾದ ಮೇಲೆ ಕೇಳಹೋದರೆ ಯಾರೂ ಹೊಣೆ ಹೊರುವುದಿಲ್ಲ. ಜನವರಿಯಲ್ಲೂ ಜುಲೈನಲ್ಲೂ ಹೊಸ ಸರಣಿ ಶುರುವಾಗುತ್ತದೆ, ಮುಂದಿನದಕ್ಕೆ ಸೇರಿಕೊಳ್ಳಿ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇವೆ. ನೆಟ್‌ವರ್ಕ್ ಮಾತ್ರ ಇದ್ದರೂ ಇಲ್ಲದ ಹಾಗೆ. ವಿಜ್ಞಾನಕ್ಕೆ ಏನಾದರೂ ಮಾಡಲು ಸಾಧ್ಯವೇ?
– ವಿಜ್ಞಾನ ಶಿಕ್ಷಕರು, ನಾಗಮಂಗಲ ತಾಲ್ಲೂಕು

ಉತ್ತರ: ಧಾರಾಳವಾಗಿ. ನೆಟ್ ಸಿಗುವ ಕಡೆ ಡೌನ್‌ಲೋಡ್ ಮಾಡಿಕೊಂಡು ಬಂದು ಶಾಲೆಯಲ್ಲಿ ನೆಟ್ ಇಲ್ಲದೆ ಓಡಿಸುವುದು, ಅಷ್ಟೇ ಉಪಾಯ.

ಮೊದಲು ಫೆಟ್. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ ವಿಜ್ಞಾನ, ಗಣಿತದ ಸಿಮ್ಯುಲೇಶನ್‌ಗಳಿವು, ಅಂದರೆ ತೆರೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ಎಚ್‌ಟಿಎಂಎಲ್5 ಎಂದು ಇರುವುದನ್ನೇ ಆರಿಸಿ, ಅದೇ ಪುಟದಲ್ಲಿರುವ ಡೌನ್‌ಲೋಡ್ ಗುಂಡಿ ಒತ್ತಿದರೆ ಒಂದೇ ಒಂದು ಫೈಲ್ ಬರುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತೆರೆದರಾಯಿತು. ಅನುವಾದಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಇಲ್ಲದಿದ್ದರೂ ತೊಂದರೆಯಿಲ್ಲ, ತೆರೆಯ ಮೇಲೆ ಮಾತಿಗಿಂತ ಚಿತ್ರ, ಅಂಕಿಗಳೇ ಹೆಚ್ಚು.

ಹತ್ತನೇ ತರಗತಿಯ ಓಮ್‌ನ ನಿಯಮಕ್ಕೆ ಫೆಟ್‌ನ ‘ಓಮ್ಸ್ ಲಾ’ ಸಿಮ್ಯುಲೇಶನ್ ಬಳಸಿ ನೋಡಿ. ತೆರೆದ ಕೂಡಲೇ 4.5 ವೋಲ್ಟ್, 500 ಓಮ್ ಇರುತ್ತದೆ, ವಿದ್ಯುತ್ ಪ್ರವಾಹ 9 ಮಿಲಿಆಂಪಿಯರ್. ರೋಧವನ್ನು 1000 ಓಮ್‌ಗೆ ಏರಿಸುವ ಮೊದಲು ಕೈ ತಡೆದು, ಈಗ ವಿದ್ಯುತ್ ಪ್ರವಾಹ ಎಷ್ಟಾಗಬಹುದು ಎಂದು ಮಕ್ಕಳನ್ನು ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಆಮೇಲೆ ಸ್ಲೈಡರ್ ಎಳೆಯಿರಿ: 4.5 ಮಿಲಿಆಂಪಿಯರ್. ಊಹೆ ಬರೆಸದೆ ತೋರಿಸಿದರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ಇದೊಂದನ್ನು ದಯವಿಟ್ಟು ಬಿಡಬೇಡಿ.

ಇನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶ. ಇದರಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಒಂದೇ ಜಿಮ್ (.zim) ಫೈಲ್ ಆಗಿ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಚಿತ್ರಗಳಿರುವ ಆವೃತ್ತಿ ದೊಡ್ಡದು, ಇಲ್ಲದ್ದು ಚಿಕ್ಕದು. ಫೈಲ್ 4 ಜಿಬಿ ಮೀರಿದರೆ ಹಲವು ಪೆನ್‌ಡ್ರೈವ್‌ಗಳು ತೆಗೆದುಕೊಳ್ಳುವುದಿಲ್ಲ. ಜಾಗ ಖಾಲಿಯಿದ್ದರೂ ಫೈಲ್ ತುಂಬಾ ದೊಡ್ಡದು ಎಂಬ ಸಂದೇಶ ಬರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ನಮೂನೆಯಲ್ಲಿ ಇರುವುದೇ ಇದಕ್ಕೆ ಕಾರಣ. ಒಳಗಿರುವುದನ್ನು ಬೇರೆ ಕಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಶಾಲೆಯಲ್ಲಿ ವೈಫೈ ರೂಟರ್ ಇದ್ದರೆ, ಅದಕ್ಕೆ ನೆಟ್ ಇಲ್ಲದಿದ್ದರೂ ಸರಿ, ಕಿವಿಕ್ಸ್‌ನ ಲೋಕಲ್ ಸರ್ವರ್ ಶುರು ಮಾಡಿ. ಲ್ಯಾಪ್‌ಟಾಪ್ ತೋರಿಸುವ ವಿಳಾಸವನ್ನು ಅದೇ ವೈಫೈನಲ್ಲಿರುವ ಫೋನ್‌ಗಳಲ್ಲಿ ಟೈಪ್ ಮಾಡಿದರೆ ಪುಟ ತೆರೆಯುತ್ತದೆ. ತೆರೆಯದಿದ್ದರೆ ಅನೇಕ ಸಲ ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ, ಕಿವಿಕ್ಸ್‌ಗೆ ಅನುಮತಿ ಕೊಡಿ.

ಪ್ರಶ್ನೆ: ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡಲು ಕನ್ನಡದಲ್ಲೇ ಕಲಿಯಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ.
– ಓದುಗರು, ಮದ್ದೂರು

ಉತ್ತರ: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ವಿಡಿಯೊ ಪಾಠಗಳ ತಾಣದಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ (ಎಕ್ಸೆಲ್ ಥರದ ಉಚಿತ ತಂತ್ರಾಂಶ) ಪಾಠಗಳಿವೆ, ಕನ್ನಡ ದನಿಯಲ್ಲಿ ಸಿಗುವುದನ್ನು ಆರಿಸಿ. ಒಂದೊಂದು ಸುಮಾರು 10 ನಿಮಿಷದ್ದು. ತೆರೆಯ ಎಡ ಅರ್ಧದಲ್ಲಿ ವಿಡಿಯೊ, ಬಲ ಅರ್ಧದಲ್ಲಿ ಕ್ಯಾಲ್ಕ್ ಇಟ್ಟುಕೊಳ್ಳಿ. ವಿಂಡೋಸ್ ಕೀ ಹಿಡಿದು ಬಾಣದ ಕೀ ಒತ್ತಿದರೆ ಅರ್ಧಕ್ಕೆ ಕೂರುತ್ತದೆ. ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೀವೂ ಮಾಡಿ. ಕೆಲವು ಪಾಠಗಳನ್ನು ಹಳೆಯ ಆವೃತ್ತಿಯಲ್ಲಿ, ವಿಂಡೋಸ್ ಬದಲು ಉಬುಂಟುವಿನಲ್ಲಿ ರೆಕಾರ್ಡ್ ಮಾಡಿದ್ದಾರೆ, ಮೆನು ಬೇರೆ ಥರ ಕಂಡರೆ ಗಾಬರಿ ಬೇಡ.

ಡೇರಿ ಲೆಕ್ಕದಲ್ಲಿ ಒಂದು ಎಚ್ಚರಿಕೆ. ಒಂದು ಚೌಕದಲ್ಲಿ ‘12 ಲೀ’ ಎಂದು ಬರೆದರೆ ಕ್ಯಾಲ್ಕ್‌ಗೆ ಅದು ಅಂಕಿಯಲ್ಲ, ಅಕ್ಷರ. ಮೊತ್ತ ಹಾಕುವಾಗ ಅದನ್ನು ಬಿಟ್ಟೇ ಕೂಡುತ್ತದೆ, ತಪ್ಪು ಎಂದೂ ಹೇಳುವುದಿಲ್ಲ. ‘ಲೀಟರ್’ ಎಂಬುದು ಕಾಲಂನ ತಲೆಬರಹದಲ್ಲಿರಲಿ, ಚೌಕದಲ್ಲಿ ಬರೀ 12 ಇರಲಿ. ಅಂಕಿಯಾದರೆ ತಾನಾಗಿ ಬಲಕ್ಕೆ ಸರಿಯುತ್ತದೆ, ಎಡಕ್ಕೆ ನಿಂತಿದ್ದರೆ ಅನುಮಾನಪಡಿ. ಎಕ್ಸೆಲ್ ಬಳಸುವವರಿಗೆ ಕಳಿಸುವಾಗ ‘ಸೇವ್ ಆ್ಯಸ್’ನಲ್ಲಿ ಎಕ್ಸೆಲ್ ನಮೂನೆ ಆರಿಸಿ.

ಪ್ರಶ್ನೆ: ಮನೆಪಾಠದ ಮಕ್ಕಳಿಗಾಗಿ ನೆಟ್‌ನಲ್ಲಿ ಸಿಕ್ಕ ಚಿತ್ರ, ಟಿಪ್ಪಣಿ ಸೇರಿಸಿ ಪುಸ್ತಿಕೆ ಮಾಡಿ ಮಾರಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕಾಸಿಲ್ಲದೆ ನೋಡಲು ಸಿಕ್ಕಿತು ಎಂದಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ. ಪುಟದ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಕೆಲವು ಷರತ್ತಿನ ಮೇಲೆ ಇತರರೂ ಬಳಸಲು ಹಕ್ಕುದಾರರು ಮೊದಲೇ ಕೊಟ್ಟ ಅನುಮತಿ) ಇದೆಯೇ ನೋಡಿ. ‘ಬಿವೈ’ ಇದ್ದರೆ ಮೂಲದವರ ಹೆಸರು ಹಾಕಿ ಬಳಸಿ, ಮಾರಲೂ ಬಹುದು. ‘ಎಸ್‌ಎ’ ಸೇರಿದ್ದರೆ ಅದನ್ನು ಬದಲಿಸಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ವಿಕಿಪೀಡಿಯ ಪಠ್ಯ ಈ ಬಗೆಯದು. ‘ಎನ್‌ಸಿ’ ಇದ್ದರೆ ಮಾರುವ ಪುಸ್ತಿಕೆಗೆ ಹಾಕುವಂತಿಲ್ಲ. ‘ಎನ್‌ಡಿ’ ಇದ್ದರೆ ಅನುವಾದಿಸಿ ಹಂಚುವಂತೆಯೂ ಇಲ್ಲ. ಏನೂ ಬರೆದಿಲ್ಲವೆಂದರೆ ಹಕ್ಕೆಲ್ಲ ಅವರದೇ ಎಂದು ತಿಳಿಯಿರಿ. ಸರ್ಕಾರಿ ಪಠ್ಯಪುಸ್ತಕದ ಪಿಡಿಎಫ್ ಉಚಿತವಾಗಿ ಸಿಕ್ಕರೂ ಅದರ ಪುಟಗಳನ್ನು ಮಾರುವ ಪುಸ್ತಿಕೆಯಲ್ಲಿ ಅಚ್ಚು ಹಾಕಬೇಡಿ, ಮಕ್ಕಳಿಗೆ ಡೌನ್‌ಲೋಡ್ ಲಿಂಕ್ ಕೊಡಿ.